ಮಗುವಿನ ಕಥೆ, ಮಗುವಿನ ದನಿ

ಇಂಗ್ಲಿಷಿನಲ್ಲಿ ಹಸುವಿನ ಮೇಲೆ ಹತ್ತು ವಾಕ್ಯ ಬರೆಯೆಂದರೆ ನಿಮ್ಮ ಮನೆಯ ಮಗು ಏನು ಮಾಡುತ್ತದೆ? ಗೈಡನ್ನು ನೋಡಿ ಇಳಿಸಿಕೊಳ್ಳುತ್ತದೆ. ನಾಲ್ಕು ಕಾಲು, ಎರಡು ಕೊಂಬು ಎಲ್ಲವೂ ತಪ್ಪಿಲ್ಲದೆ ಬರುತ್ತವೆ. ಅಜ್ಜಿಯ ಊರಿನಲ್ಲಿ ಹಸು ಕರು ಹಾಕಿದ ರಾತ್ರಿ ತಾನು ಕಂಡದ್ದು ಮಾತ್ರ ಬರುವುದಿಲ್ಲ. ಅದನ್ನು ಬರೆಯಹೊರಟ ಮಗುವಿನ ಪುಸ್ತಕಕ್ಕೆ ನಾವು ಮೇಷ್ಟರು ಕೆಂಪು ಶಾಯಿ ಬಳಿಯುತ್ತೇವೆ. ಮರುಸಲ ಅದು ಗೈಡನ್ನೇ ನಂಬುತ್ತದೆ. ಹಾಗೆ ಬಳಿದವರಲ್ಲಿ ನಾನೂ ಒಬ್ಬ.

ಇದಕ್ಕೊಂದು ದಾರಿಯುಂಟು. 1990ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಡಾನಾ ಆಚ್ಲಿ, ಜೋ ಲ್ಯಾಂಬರ್ಟ್ ಮೊದಲಾದವರು ಜನಸಾಮಾನ್ಯರಿಗೆ ಒಂದು ಪದ್ಧತಿಯನ್ನು ಕಲಿಸತೊಡಗಿದರು. ತನ್ನ ಬಾಳಿನ ಒಂದು ಘಟನೆಯನ್ನು ಬರೆದು, ತನ್ನ ದನಿಯಲ್ಲೇ ಓದಿ, ಚಿತ್ರಗಳನ್ನು ಜೋಡಿಸಿ, ಎರಡು ಮೂರು ನಿಮಿಷದ ಕಿರುಚಿತ್ರ ಮಾಡುವುದು. ಡಿಜಿಟಲ್ ಕಥನವೆಂದು ಇದಕ್ಕೆ ಹೆಸರು. ಅಂದು ಕಂಪ್ಯೂಟರ್ ಬೇಕಾಗಿತ್ತು. ಇಂದು ಮನೆಯ ಮೊಬೈಲು ಸಾಕು.

ಇದರಿಂದ ಬರವಣಿಗೆಗೇನು ಲಾಭ? ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. 'ನಾನು ಅಜ್ಜಿಯ ಊರಿಗೆ ಹೋದೆ' ಎಂಬುದು ಅಲ್ಲಿ 'ನಾನು ಹೋದೆ ಅಜ್ಜಿಯ ಊರಿಗೆ' ಎಂದಾಗಬೇಕು. ಮಗು ಎಡವುವುದು ಇಲ್ಲೇ. ಬರೆದದ್ದನ್ನು ಕಣ್ಣು ಕ್ಷಮಿಸಿಬಿಡುತ್ತದೆ. ತನ್ನ ಓದನ್ನು ತಾನೇ ಕೇಳುವಾಗ, ತರಗತಿಯಲ್ಲಿ ಸರಿಯಾದ ವಾಕ್ಯಗಳನ್ನು ಕೇಳಿ ಪಳಗಿದ ಕಿವಿ ಎಷ್ಟೋ ವೇಳೆ ತೊಡಕನ್ನು ಹಿಡಿಯುತ್ತದೆ. ಮಗು ತಾನಾಗಿಯೇ ತಿದ್ದಿ ಮತ್ತೆ ಓದುತ್ತದೆ. ಆಗ ತಿದ್ದುವುದು ಶಿಕ್ಷೆಯಲ್ಲ, ತನ್ನ ಕಥೆ ಚೆನ್ನಾಗಿರಲೆಂಬ ಆಸೆ.

ಮನೆಯಲ್ಲಿ ಹೀಗೆ ಮಾಡಿ. ಮೊದಲು ಕಥೆಯನ್ನು ಕನ್ನಡದಲ್ಲೇ ಹೇಳಿಸಿ. ನಾಲ್ಕೈದು ಚಿತ್ರ ಬರೆಸಿ. ಒಂದೊಂದಕ್ಕೆ ಎರಡೆರಡು ಇಂಗ್ಲಿಷ್ ವಾಕ್ಯ ಸಾಕು. ಆಮೇಲೆ ದನಿ ಮುದ್ರಿಸಿ, ಕೇಳಿಸಿ. ನೀವು ಬಾಯಿ ಹಾಕುವ ಮೊದಲು ಮಗು ತಿದ್ದಲಿ. ಮಾದರಿ ಬೇಕಾದರೆ, ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಮಕ್ಕಳ ಕಥೆಗಳು ಉಚಿತವಾಗಿ ದೊರೆಯುತ್ತವೆ.

ಒಂದು ಎಚ್ಚರಿಕೆಯ ಮಾತು. ಕೇಳಿದೊಡನೆ ಇಡೀ ಕಥೆಯನ್ನೇ ಬರೆದುಕೊಡುವ ಯಂತ್ರಗಳು ಈಗ ಬಂದಿವೆ. ಬರೆಯುವ ಕೆಲಸವನ್ನೇ ಅವಕ್ಕೆ ಒಪ್ಪಿಸಿದರೆ ಅವೂ ಗೈಡುಗಳೇ, ಹೊಸ ಕಾಲದ ಗೈಡುಗಳು. ಅವು ಕೊಡುವ ಇಂಗ್ಲಿಷಿನಲ್ಲಿ ತಪ್ಪು ಕಡಮೆಯಿರಬಹುದು. ಆದರೆ ಆ ರಾತ್ರಿ ಕೊಟ್ಟಿಗೆಯಲ್ಲಿ ಟಾರ್ಚು ಹಿಡಿದು ನಿಂತವಳು ನಿಮ್ಮ ಮಗಳು. ನಾಲ್ಕು ತಪ್ಪಿದ್ದರೂ ಚಿಂತೆಯಿಲ್ಲ, ಅವಳೇ ಬರೆಯಲಿ. ನೀವು ಕುಳಿತು ಕೇಳಿ.