ಒಂದು ಕಣ್ಣು ಮುಚ್ಚಿ ನೋಡಿಸಿ

(ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಕಳೆದ ಸಭೆ ಮುಗಿದ ಮೇಲೆ ನಿಮ್ಮಲ್ಲಿ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಮೇಡಂ, ನನ್ನ ಮಗಳ ಕಣ್ಣೊಳಗೆ ಲೆನ್ಸ್ ಹಾಕ್ಬೇಕಾಗಬಹುದಂತೆ. ಏಳು ವರ್ಷದ ಮಗುವಿಗೂ ಪೊರೆ ಬರ್ತದಾ? ಸಂಘದಿಂದ ಸಾಲ ತೆಗೀಲಾ?" ಆ ತಾಯಿಯ ಒಪ್ಪಿಗೆ ಪಡೆದೇ, ಹೆಸರು ಹೇಳದೆ, ಈ ವಿಷಯವನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ನಾನು ಡಾಕ್ಟರಲ್ಲ, ಕಣ್ಣು ತಪಾಸಣೆ ಮಾಡುವವಳು.

ಆ ಮಗುವಿಗೆ ಪೊರೆ ಬಂದಿಲ್ಲ. ಬಲಗಣ್ಣಿಗೆ ನಂಬರೇ ಇಲ್ಲ, ಎಡಗಣ್ಣಿಗೆ ಮೈನಸ್ 11. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು ಹೇಳಿ? ಮಗು ಓಡ್ತದೆ, ಬರೀತದೆ, ಅಮ್ಮನ ಜೊತೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸ್ತದೆ. ಎಲ್ಲವೂ ಒಂದೇ ಕಣ್ಣಿನಿಂದ. ಎರಡೂ ಕಣ್ಣು ಮಂಜಾದರೆ ಬೋರ್ಡ್ ಕಾಣೋದಿಲ್ಲ ಅಂತ ಮಕ್ಕಳು ದೂರುತ್ತಾರೆ. ಒಂದೇ ಕಣ್ಣು ಮಂಜಾದರೆ ದೂರುವುದೇ ಇಲ್ಲ. ಮೆಳ್ಳಗಣ್ಣಾದರೆ ಬಂದ ನೆಂಟರಾದರೂ ಹೇಳ್ತಾರೆ. ಇದು ನೋಡಲಿಕ್ಕೆ ಚೆಂದದ ಕಣ್ಣು.

ನೋಡುವ ಕೆಲಸ ಕಣ್ಣಿನದು ಮಾತ್ರ ಅಲ್ಲ, ಮಿದುಳಿನದು ಕೂಡ. ಒಂದು ಕಣ್ಣಿನಿಂದ ಸ್ಪಷ್ಟ ಚಿತ್ರ, ಇನ್ನೊಂದರಿಂದ ಮಂಜು ಚಿತ್ರ ಬಂದರೆ ಮಿದುಳು ಮಂಜಾದದ್ದನ್ನು ಬದಿಗಿಡುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಆಮೇಲೆ ಸರಿಯಾದ ಕನ್ನಡಕ ಹಾಕಿದರೂ ಆ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ. ಇದಕ್ಕೆ 'ಸೋಮಾರಿ ಕಣ್ಣು' ಅಂತಾರೆ. ಈ ಹೆಸರು ನನಗೆ ಹಿಡಿಸೋದಿಲ್ಲ. ಕಣ್ಣು ಸೋಮಾರಿಯಲ್ಲ, ಪಾಪ, ಅದಕ್ಕೆ ಕೆಲಸವೇ ಸಿಕ್ಕಿಲ್ಲ.

ಮೊದಲ ಚಿಕಿತ್ಸೆ ಕನ್ನಡಕ, ಜೊತೆಗೆ ಒಳ್ಳೆಯ ಕಣ್ಣಿಗೆ ದಿನಾ ಕೆಲವು ಗಂಟೆ ಪಟ್ಟಿ. ಕೆಲಸವಿಲ್ಲದ ಕಣ್ಣಿಗೆ ಕೆಲಸ ಕೊಡುವುದು ಅಂತ ಇಟ್ಟುಕೊಳ್ಳಿ. ತೊಂದರೆ ಮಧ್ಯಮ ಮಟ್ಟದ್ದಾದರೆ ದಿನಕ್ಕೆ 2 ಗಂಟೆ ಪಟ್ಟಿ ಕಟ್ಟಿದರೂ 6 ಗಂಟೆ ಕಟ್ಟಿದಷ್ಟೇ ಗುಣ ಕಾಣುತ್ತದೆ ಎಂದು 2003ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಎಷ್ಟು ಹೊತ್ತು ಅಂತ ಡಾಕ್ಟರೇ ಹೇಳಬೇಕು. ಏಳು ವರ್ಷದೊಳಗೆ ಸುರುಮಾಡಿದರೆ ಒಳ್ಳೆಯದು. ದಾಟಿದವರಲ್ಲೂ ಕೆಲವರಿಗೆ ಗುಣವಾಗುತ್ತದೆ.

ಆದರೆ ಎರಡು ಕಣ್ಣಿನ ನಡುವೆ ಇಷ್ಟೊಂದು ಅಂತರ ಇದ್ದಾಗ ಕನ್ನಡಕ ಕಷ್ಟವೇ. ಒಂದು ಗಾಜು ದಪ್ಪ, ಒಂದು ತೆಳು. ದಪ್ಪ ಮೈನಸ್ ಗಾಜಿನಲ್ಲಿ ಎಲ್ಲವೂ ಚಿಕ್ಕದಾಗಿ ಕಾಣುತ್ತದೆ, ಎರಡು ಚಿತ್ರ ಕೂಡುವುದಿಲ್ಲ, ಮಗು ಕಿತ್ತು ಬಿಸಾಡುತ್ತದೆ. ಕಾಂಟಾಕ್ಟ್ ಲೆನ್ಸ್‌ನಲ್ಲಿ ಈ ವ್ಯತ್ಯಾಸ ಕಡಿಮೆ. ಆದರೆ ದಿನಾ ಕೈ ತೊಳೆದು ಹಾಕಬೇಕು, ತೆಗೆಯಬೇಕು, ಅದರ ದ್ರಾವಣದಲ್ಲೇ ಇಡಬೇಕು. ಬಾವಿ ನೀರು, ನಲ್ಲಿ ನೀರು ತಾಗಿಸಲೇಬಾರದು. ತಪ್ಪಿದರೆ ಕಣ್ಣಿಗೆ ಸೋಂಕು.

ಇದು ಯಾವುದೂ ಆಗದ ಮಗುವಿಗೆ ಕಣ್ಣೊಳಗೆ ಲೆನ್ಸ್. ಅಜ್ಜಿಗೆ ಪೊರೆ ತೆಗೆದು ಹಾಕಿದ ಲೆನ್ಸೇ ಬೇರೆ, ಇದೇ ಬೇರೆ. ಇಲ್ಲಿ ಮಗುವಿನ ಸ್ವಂತ ಲೆನ್ಸನ್ನು ತೆಗೆಯುವುದಿಲ್ಲ. ಅದರ ಮುಂದೆ ತೆಳುವಾದ ಇನ್ನೊಂದನ್ನು ಕೂರಿಸುತ್ತಾರೆ. ಬೇಕಾದರೆ ಮುಂದೆ ತೆಗೆಯಲೂಬಹುದು. "ಪ್ಲಾಸ್ಟಿಕ್ ಒಳಗೇ ಕೊಳೆಯೋದಿಲ್ವಾ?" ಅಂತ ಕೇಳ್ತೀರಿ. ಇಲ್ಲ. ಯುದ್ಧಕಾಲದಲ್ಲಿ ವಿಮಾನದ ಪ್ಲಾಸ್ಟಿಕ್ ಚೂರು ಕಣ್ಣಿಗೆ ಹೊಕ್ಕರೂ ಪೈಲಟ್‌ಗಳ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ಕಂಡೇ ಲಂಡನ್ನಿನ ಡಾ. ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಬಾರಿ ಪೊರೆಯ ರೋಗಿಗೆ ಲೆನ್ಸ್ ಹಾಕಿದ್ದು.

ಆದರೂ ಅವಸರ ಬೇಡ. ಈ ಲೆನ್ಸ್ ಮಾಡಿದ್ದು ನಂಬರ್ ನಿಂತ ದೊಡ್ಡವರಿಗೆ. ಅಮೆರಿಕದಲ್ಲಿ 2004 ಮತ್ತು 2005ರಲ್ಲಿ ಇಂಥ ಲೆನ್ಸ್‌ಗಳಿಗೆ ಒಪ್ಪಿಗೆ ಸಿಕ್ಕಾಗ 21 ವರ್ಷ ತುಂಬಿದವರಿಗೆ ಅಂತಲೇ ಬರೆದಿತ್ತು. ಮಕ್ಕಳಿಗೆ ಹಾಕುವುದು ಒಂದೊಂದು ಮಗುವನ್ನೂ ನೋಡಿ ತಜ್ಞರು ಮಾಡುವ ತೀರ್ಮಾನ. ಕಣ್ಣೊಳಗೆ ಜಾಗ ಸಾಕಷ್ಟು ಇರಬೇಕು. ಚಿಕ್ಕ ಮಕ್ಕಳಿಗೆ ಪೂರ್ತಿ ಮಂಪರು ಕೊಡಬೇಕು. ಮುಂದೆ ಪೊರೆ ಬರಬಹುದು, ಕಣ್ಣಿನ ಒತ್ತಡ ಏರಬಹುದು, ಕಾರ್ನಿಯಾದ ಒಳಗಿನ ಜೀವಕೋಶಗಳು ಸವೆಯಬಹುದು. ಅವು ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ವರ್ಷವರ್ಷವೂ ತಪಾಸಣೆ. ಕಣ್ಣು ಉಜ್ಜುವ ಮಗುವಾದರೆ ಇನ್ನೂ ಚಿಂತೆ. ಮತ್ತೆ, ಲೆನ್ಸ್ ಹಾಕಿದರೂ ಪಟ್ಟಿ ತಪ್ಪೋದಿಲ್ಲ! ಲೆನ್ಸ್ ಚಿತ್ರ ಸ್ಪಷ್ಟ ಮಾಡುತ್ತದೆ ಅಷ್ಟೆ, ನೋಡಲು ಕಲಿಯಬೇಕಾದ್ದು ಮಿದುಳು.

ಆ ತಾಯಿಗೆ ನಾನು ಕೇಳಿದ್ದು ಒಂದೇ: "ಕನ್ನಡಕ ಎಷ್ಟು ದಿನ ಹಾಕಿದ್ಳು?" ಎರಡು ವಾರ. ಪಟ್ಟಿ? ಶಾಲೆಯಲ್ಲಿ ನಗ್ತಾರೆ ಅಂತ ಕಟ್ಟಲೇ ಇಲ್ಲ. ಸಾಲ ಈಗ ಬೇಡ, ಡಾಕ್ಟರಿಗೆ ಇದನ್ನು ಮುಚ್ಚಿಡದೆ ಹೇಳಿ ಅಂದೆ. ಹೋದ ವಾರ ಹೇಳಿ ಬಂದರು. ಕೆಲವು ತಿಂಗಳು ಕನ್ನಡಕ, ಪಟ್ಟಿ ಸರಿಯಾಗಿ ಮಾಡಿ, ಆಗದಿದ್ದರೆ ಕಾಂಟಾಕ್ಟ್ ಲೆನ್ಸ್, ಆಮೇಲೆ ಆಪರೇಷನ್ ಮಾತು ಅಂದರಂತೆ. ಪಟ್ಟಿ ಈಗ ಸಂಜೆ, ಮನೆಯಲ್ಲಿ, ಅಮ್ಮನ ಜೊತೆ ಮಣಿ ಪೋಣಿಸುವಾಗ. ಆದರೂ ಆಪರೇಷನ್ನೇ ಬೇಕು ಅಂತಾದರೆ ಹೆದರಿ ವರ್ಷಗಟ್ಟಲೆ ಮುಂದೂಡುವುದೂ ತಪ್ಪು. ಆಗ ಸಂಘದಲ್ಲಿ ಕೂತು ಮಾತಾಡುವ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಶಾಲೆಗೆ ಬಂದಾಗ "ಒಂದೊಂದೇ ಕಣ್ಣು ನೋಡಿ" ಅಂತ ಹೇಳಿ. ಮನೆಯಲ್ಲೂ ನೋಡಿ. ಅಂಗೈಯಿಂದ ಮುಚ್ಚಿದರೆ ಬೆರಳ ಸಂದಿಯಲ್ಲಿ ಇಣುಕುತ್ತವೆ, ಮಡಚಿದ ಬಟ್ಟೆ ಕಟ್ಟಿ. ಹತ್ತು ಅಡಿ ದೂರದ ಕ್ಯಾಲೆಂಡರ್ ಓದಿಸಿ, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಓದು ಬಾರದ ಕೂಸಾದರೆ, ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು ಇನ್ನೊಂದು ಮುಚ್ಚಿದಾಗ ಅತ್ತು ಕೈ ತಳ್ಳುತ್ತದಾ ನೋಡಿ. ಹಾಗಾದರೆ ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ಮುಂದಿನ ಸಭೆಗೆ ಮಕ್ಕಳನ್ನೂ ಕರ್ಕೊಂಡು ಬನ್ನಿ. ಚಾರ್ಟ್ ನಾನು ತರ್ತೇನೆ.