ಬ್ಯಾಂಡೇಜ್ ನೆನಪಿದೆ, ಆಪರೇಷನ್ ಮರೆತಿದೆ



ಅನಿಲ್ ಕುಂಬ್ಳೆ ಅಂದ ಕೂಡಲೇ ಕಣ್ಣ ಮುಂದೆ ಬರೋದು ಎರಡು ಚಿತ್ರ. ಒಂದು, 1999ರ ಫೆಬ್ರವರಿಯಲ್ಲಿ ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತಿದ್ದು. ಇನ್ನೊಂದು, 2002ರ ಮೇ ತಿಂಗಳಲ್ಲಿ ಆಂಟಿಗಾ. ಮರ್ವಿನ್ ಡಿಲ್ಲನ್ ಎಸೆದ ಚೆಂಡು ಬಡಿದು ದವಡೆ ಮುರಿದಿತ್ತು. ತಲೆಯಿಂದ ಗದ್ದದವರೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದ ಕುಂಬ್ಳೆ, 14 ಓವರ್ ಬೌಲ್ ಮಾಡಿ ಬ್ರಯಾನ್ ಲಾರಾ ಅವರನ್ನೇ ಔಟ್ ಮಾಡಿದರು. ಆ ದೃಶ್ಯ ಟಿವಿಯಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ.

ಆಮೇಲೇನಾಯಿತು? ಕುಂಬ್ಳೆ ಆಪರೇಷನ್‌ಗೆಂದು ವಿಮಾನ ಹತ್ತಿ ಬೆಂಗಳೂರಿಗೆ ಹೊರಟರು. ಅದು ಯಾರಿಗೂ ನೆನಪಿಲ್ಲ. ಆದರೆ ನಮ್ಮ ಊರುಗಳ ಆಟಗಾರರಿಗೆ ಬೇಕಾದ ಪಾಠ ಇರುವುದು ಅಲ್ಲೇ ಅಂತ ನನಗನಿಸುತ್ತದೆ.

ಮೂಡಿಗೆರೆ ತಾಲೂಕಿನ ಗೋಣಿಬೀಡನ್ನೇ ತೆಗೆದುಕೊಳ್ಳಿ. ಕಾಫಿ ಕುಯ್ಲು ಮುಗಿಯುತ್ತಿದ್ದ ಹಾಗೆ ಆ ಸೀಮೆಯಲ್ಲಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್ ಶುರು. ಅಲ್ಲಿನ ಒಬ್ಬ ಹುಡುಗ ಅಂತ ಇಟ್ಟುಕೊಳ್ಳಿ. ರೈಡ್‌ಗೆ ಹೋದವನು ತಿರುಗುವಾಗ ಮೊಣಕಾಲು ಟಕ್ ಅಂತು. ಸುತ್ತ ನಿಂತವರು ಏನಂತಾರೆ? "ಸ್ಪ್ರೇ ಹೊಡೀರೋ! ಕುಂಬ್ಳೆ ದವಡೆ ಮುರ್ಕೊಂಡೇ ಬೌಲಿಂಗ್ ಮಾಡಿಲ್ವಾ? ಏಳೋ ಮಾರಾಯ!" ಅವನು ಏಳ್ತಾನೆ, ಆಡ್ತಾನೆ. ಮಾರನೇ ದಿನ ಕಾಲು ಊದಿಕೊಂಡಿರುತ್ತೆ. ಯಾರೋ ಎಣ್ಣೆ ಹಚ್ಚಿ ನೀವುತ್ತಾರೆ. ಎಕ್ಸ್‌ರೇ ತೆಗೆಸಿದರೆ ಮೂಳೆ ಸರಿ ಇದೆ ಅಂತ ಬರುತ್ತೆ.

ಸಮಸ್ಯೆ ಇರೋದು ಮೂಳೆಯಲ್ಲಿ ಅಲ್ಲ. ಮೊಣಕಾಲಿನ ಒಳಗೆ ತೊಡೆಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಹಿಡಿದಿಡುವ ಪಟ್ಟಿಯೊಂದಿದೆ, ಎಸಿಎಲ್ ಅಂತಾರೆ. ಅದು ಹರಿದರೆ ಎಕ್ಸ್‌ರೇಯಲ್ಲಿ ಕಾಣಲ್ಲ, ಎಂಆರ್‌ಐ ಬೇಕು. ಹರಿದ ಕಾಲಲ್ಲೇ ಮತ್ತೆ ಮತ್ತೆ ಆಡಿದರೆ, ಕೀಲಿನ ನಡುವೆ ಮೆತ್ತೆಯ ಹಾಗಿರುವ ಮೃದ್ವಸ್ಥಿಯೂ ಹರಿಯಬಹುದು. ಆಪರೇಷನ್ ಆದರೂ ಅಂಕಣಕ್ಕೆ ಮರಳೋಕೆ ಸುಮಾರು ಒಂಬತ್ತು ತಿಂಗಳು ಬೇಕು.

ಮಲೆನಾಡಿನಲ್ಲಿ ಮೊಣಕಾಲು ಅಂದರೆ ಬರೀ ಆಟ ಅಲ್ಲ ಸ್ವಾಮಿ, ಅನ್ನ. ಇಳಿಜಾರಿನಲ್ಲಿ ಕಾಫಿ ಮೂಟೆ ಹೊರಬೇಕು. ಸಿಲ್ವರ್ ಮರಕ್ಕೆ ಏಣಿ ಇಟ್ಟು ಮೆಣಸು ಕೊಯ್ಯಬೇಕು. ಏಣಿಯ ಮೇಲೆ ಕಾಲು ಜಾರಿದರೆ ಏನು ಗತಿ?

ಈಗ ಕುಂಬ್ಳೆಯವರ ಇನ್ನೊಂದು ಗಾಯ ನೋಡಿ. 2001ರಲ್ಲಿ ಅವರ ಬಲ ಭುಜಕ್ಕೆ ಶಸ್ತ್ರಚಿಕಿತ್ಸೆ ಆಯಿತು. ಆಸ್ಟ್ರೇಲಿಯಾ ಬಂದು ಆಡಿದ ಆ ಮಹಾ ಸರಣಿಯಲ್ಲಿ ಅವರು ಇರಲೇ ಇಲ್ಲ. ಕುಂಬ್ಳೆ ಕಥೆ ಮುಗೀತು ಅಂದವರಿದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ, ಇದೇ ಬೆಂಗಳೂರಲ್ಲಿ, 300ನೇ ಟೆಸ್ಟ್ ವಿಕೆಟ್! 2008ರಲ್ಲಿ ನಿವೃತ್ತರಾದಾಗ ಒಟ್ಟು 619. ಅಂದರೆ ಅರ್ಧಕ್ಕಿಂತ ಹೆಚ್ಚು ವಿಕೆಟ್ ಬಂದಿದ್ದು ಭುಜ ರಿಪೇರಿ ಆದ ಮೇಲೆ.

ಗೋಣಿಬೀಡಿನ ಕಡೆಯಿಂದ ಬೇಲೂರು, ಹಳೇಬೀಡು ದಾಟಿದರೆ ಜಾವಗಲ್. ಆ ಊರಿನ ಹೆಸರು ಹೊತ್ತ ಶ್ರೀನಾಥ್ ಅವರದ್ದೂ ಇದೇ ಕಥೆ. 1997ರಲ್ಲಿ ಭುಜ ಕೈಕೊಟ್ಟಿತು, ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ಶಸ್ತ್ರಚಿಕಿತ್ಸೆ ಆಯಿತು. 1999ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ತೆಗೆದರು. 2003ರ ವಿಶ್ವಕಪ್ ಫೈನಲ್‌ವರೆಗೂ ಆಡಿದರು.

ಇವರಿಬ್ಬರಿಗೂ ಧೈರ್ಯ ಇತ್ತು, ಒಪ್ಪಿದೆ. ಆದರೆ ಹುಡುಕಿ ಹೋಗಲು ಒಳ್ಳೆಯ ಡಾಕ್ಟರ್ ಇದ್ದರು, ತಿಂಗಳುಗಟ್ಟಲೆ ಸುಮ್ಮನಿರಲು ಅವಕಾಶ ಇತ್ತು. ಜೊತೆಗೆ ಇಬ್ಬರ ಕೈಯಲ್ಲೂ ಎಂಜಿನಿಯರಿಂಗ್ ಡಿಗ್ರಿ ಇತ್ತು. ನಮ್ಮ ಹುಡುಗನ ಹತ್ತಿರ ಏನಿದೆ? ಧೈರ್ಯ ಒಂದೇ.

ರಗ್ಬಿ ಗೊತ್ತಲ್ಲ, ಕಬಡ್ಡಿಗಿಂತಲೂ ಒರಟು ಆಟ. ಅಲ್ಲೊಂದು ನಿಯಮ ಇದೆ. ಆಟಗಾರನ ತಲೆಗೆ ಪೆಟ್ಟಾಗಿ ಮೆದುಳಿಗೆ ತೊಂದರೆಯಾದ ಅನುಮಾನ ಬಂದರೆ ಅವನನ್ನು ಮೈದಾನದಿಂದ ಹೊರಗೆ ಕರೆಸಲೇಬೇಕು. ದೊಡ್ಡ ಪಂದ್ಯವಾದರೆ ಡಾಕ್ಟರ್ ಪರೀಕ್ಷೆ ಮಾಡುತ್ತಾರೆ. "ನಾನು ಚೆನ್ನಾಗಿದ್ದೀನಿ, ಆಡ್ತೀನಿ" ಅನ್ನುವ ಆಟಗಾರನ ಮಾತಿಗೆ ಅಲ್ಲಿ ಬೆಲೆ ಇಲ್ಲ. ಯಾಕೆಂದರೆ ಆಡುವ ಹುಚ್ಚಿನಲ್ಲಿರುವವನು ಹಾಗೇ ಹೇಳುತ್ತಾನೆ ಅಂತ ಅವರಿಗೆ ಗೊತ್ತು.

ಟೂರ್ನಮೆಂಟ್ ನಡೆಸುವ ಸಂಘದವರಿಗೆ ನನ್ನದೊಂದು ಮನವಿ. ಪೆಂಡಾಲ್, ಲೈಟು, ಟ್ರೋಫಿ, ಸನ್ಮಾನದ ಶಾಲು, ಎಲ್ಲಕ್ಕೂ ದುಡ್ಡು ಎತ್ತುತ್ತೀರಿ. ಅದರಲ್ಲೇ ಒಂದು ಪಾಲನ್ನು ಗಾಯಾಳುಗಳ ನಿಧಿ ಅಂತ ಪಕ್ಕಕ್ಕಿಡಿ. ಬಿದ್ದ ಹುಡುಗ ಮತ್ತೆ ಆಡಬೇಕೋ ಬೇಡವೋ ಅನ್ನೋದನ್ನು ಅವನ ತಂಡಕ್ಕೆ ಸೇರದ, ತಿಳಿದ ಒಬ್ಬರು ಹೇಳಲಿ. ಹೆಸರು ಬರೆಸಿಕೊಳ್ಳುವಾಗಲೇ 18 ದಾಟಿದವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಲು ಹೇಳಿ. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷ. ಮೊಣಕಾಲಿನ ಆಪರೇಷನ್ ಖರ್ಚು ಅದರಲ್ಲಿ ಬರಲ್ಲ. ಅದಕ್ಕೇ ನಿಧಿ ಬೇಕು ಅಂದಿದ್ದು.

ಆಡುವ ಹುಡುಗರಿಗೂ, ಹುಡುಗಿಯರಿಗೂ ಒಂದು ಮಾತು. ಮೊಣಕಾಲು ಟಕ್ ಅಂದರೆ ಅವತ್ತಿನ ಆಟ ಅಲ್ಲಿಗೆ ಸಾಕು. ಯಾರು ಹೇಡಿ ಅಂದರೂ ಅನ್ನಲಿ. ಪಂದ್ಯ ಮುಂದಿನ ವರ್ಷವೂ ಬರುತ್ತೆ. ಆಗ ಆಡೋಕೆ ನಿಮ್ಮ ಕಾಲು ಇರಬೇಕಲ್ಲವೇ?