ಕಾರಿಗೆ ಕೊನೆಯ ಒಪ್ಪ

ಪ್ರೌಢಶಾಲೆಯಲ್ಲಿ ಸಂಧಿ ಸಮಾಸ ಹೇಳಿಕೊಡುವ ಕನ್ನಡ ಪಂಡಿತನೊಬ್ಬ ಕಾರಿನ ಪಾಲಿಶಿನ ವಿಷಯ ಮಾತನಾಡಲು ಹೊರಟರೆ, ಈತನಿಗೆ ಇದರಲ್ಲಿ ಏನು ಅಧಿಕಾರವೆಂದು ನೀವು ಕೇಳುವುದು ನ್ಯಾಯವೇ. ಅಧಿಕಾರ ಏನೂ ಇಲ್ಲ. ಆದರೆ ನಷ್ಟ ಉಂಟು. ಆ ನಷ್ಟದ ಕಥೆಯನ್ನು ಆಮೇಲೆ ಹೇಳುತ್ತೇನೆ.

ನಿಮ್ಮ ಮನೆಯ ಮುಂದೆ ಕಪ್ಪು ಅಥವಾ ಗಾಢ ನೀಲಿ ಬಣ್ಣದ ಕಾರು ನಿಂತಿದ್ದರೆ, ಬೆಳಗಿನ 10 ಗಂಟೆಯ ಬಿಸಿಲಿನಲ್ಲಿ ಅದರ ಬಾನೆಟ್ಟನ್ನು ಒಮ್ಮೆ ಓರೆಯಾಗಿ ನೋಡಿ. ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ನೂರಾರು ಸಣ್ಣ ಗೆರೆಗಳು ಸುತ್ತುಗಟ್ಟಿಕೊಂಡು ಕಾಣುತ್ತವೆ. ಯಾರೋ ದುಂಡಗೆ ಉಜ್ಜಿದ್ದರಿಂದ ಹೀಗಾಯಿತೆಂದು ನಾವು ತಿಳಿಯುತ್ತೇವೆ. ನಿಜವಾಗಿ ಗೆರೆಗಳು ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡವಾಗಿ ಬಿದ್ದವು ಮಾತ್ರ ಹೊಳೆಯುವುದರಿಂದ ಕಣ್ಣಿಗೆ ಚಕ್ರದಂತೆ ತೋರುತ್ತದೆ, ಅಷ್ಟೆ. ನೀವು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಚಕ್ರವೂ ನಿಮ್ಮೊಡನೆಯೇ ಸರಿಯುತ್ತದೆ.

ಈ ಗೆರೆಗಳಿಗೆ ಬಹುಮಟ್ಟಿಗೆ ನಾವೇ ಕಾರಣರು. ಬೆಳಗಾಗುತ್ತಲೇ ಕಾರಿನ ಮೇಲಿನ ಧೂಳನ್ನು ಒಣ ಬಟ್ಟೆಯಿಂದ ಒರೆಸುವ ಪದ್ಧತಿ ನಮ್ಮ ಊರುಗಳಲ್ಲಿ ಉಂಟಷ್ಟೆ. ಒರೆಸುವವನು ಶ್ರದ್ಧೆಯಿಂದಲೇ ಒರೆಸುತ್ತಾನೆ. ಅವನ ಶ್ರದ್ಧೆ ಹೆಚ್ಚಿದಷ್ಟೂ ಕಾರಿಗೆ ಗಂಡಾಂತರ! ಧೂಳೆಂದು ನಾವು ಕರೆಯುವುದರಲ್ಲಿ ನುಣ್ಣನೆಯ ಮರಳಿನ ಕಣಗಳೂ ಸೇರಿರುತ್ತವೆ. ಅವು ಬಣ್ಣಕ್ಕಿಂತ ಗಟ್ಟಿ. ನೀರು ಹಾಕಿ ಅವನ್ನು ಹರಿಸಿಬಿಡದೆ ಬಟ್ಟೆಯಿಂದ ಎಳೆದರೆ ಒಂದೊಂದು ಕಣವೂ ಒಂದೊಂದು ಗೀರನ್ನು ಬಿಟ್ಟುಹೋಗುತ್ತದೆ. ವರ್ಷಕ್ಕೆ 365 ಬೆಳಗು. ಲೆಕ್ಕವನ್ನು ನೀವೇ ಹಾಕಿಕೊಳ್ಳಿ.

ಈಗಿನ ಕಾರುಗಳ ಮೈಮೇಲೆ ಬಣ್ಣವೆಂಬುದು ಒಂದೇ ಪದರವಲ್ಲ. ತಗಡಿಗೆ ಅಂಟಿದಂತೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ನಾವು ಹೊಳಪು ಹೊಳಪು ಎಂದು ಮೆಚ್ಚುವುದು ಈ ಮೇಲಿನ ಪದರದ ಹೊಳಪನ್ನು. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಜೆರಾಕ್ಸ್ ಅಂಗಡಿಯ ಬಿಳಿ ಹಾಳೆ ಸುಮಾರು 100 ಮೈಕ್ರಾನ್ ದಪ್ಪವಿರುತ್ತದೆ. ಎಂದರೆ ಲಕ್ಷಾಂತರ ರೂಪಾಯಿಯ ಕಾರಿಗೆ ಬಿಸಿಲಿನಿಂದ ರಕ್ಷಣೆ ಕೊಡುವುದು ಅರ್ಧ ಹಾಳೆಯಷ್ಟು ದಪ್ಪದ ಒಂದು ಪೊರೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ವಸ್ತು ಇರುವುದು ಅದರಲ್ಲೇ. ಅದು ಸವೆದರೆ ಬಣ್ಣ ಕಂದುವುದಕ್ಕೂ ಪದರ ಸಿಪ್ಪೆಯಂತೆ ಏಳುವುದಕ್ಕೂ ಹೆಚ್ಚು ಕಾಲ ಬೇಡ.

ಇನ್ನೊಂದು ಮಾತು. ಪಾಲಿಶ್ ಎಂದರೆ ಗೀರನ್ನು ತುಂಬುವುದಲ್ಲ. ಗೀರು ಒಂದು ಹಳ್ಳ. ಹಳ್ಳ ಕಾಣದಂತಾಗಬೇಕಾದರೆ ಸುತ್ತಲಿನ ದಿಣ್ಣೆಯನ್ನು ಅದರ ತಳದ ಮಟ್ಟಕ್ಕೆ ಇಳಿಸಬೇಕು. ಆದ್ದರಿಂದ ಪ್ರತಿಯೊಂದು ಪಾಲಿಶಿನಲ್ಲೂ ಆ ಅರ್ಧ ಹಾಳೆಯಲ್ಲಿ ಸ್ವಲ್ಪ ಹೋಗಿಯೇ ಹೋಗುತ್ತದೆ. ಹೋದದ್ದು ಮರಳಿ ಬರುವುದಿಲ್ಲ.

ಈಗ ನನ್ನ ಕಥೆ. ಮಗಳ ಮದುವೆಯ ವಾರದಲ್ಲಿ ನಮ್ಮ ಕಡುನೀಲಿ ಕಾರನ್ನು ಒಂದು ವರ್ಕ್‌ಷಾಪಿಗೆ ಕೊಟ್ಟೆ. ಉಣ್ಣೆಯ ಪ್ಯಾಡು ಕಟ್ಟಿದ ಯಂತ್ರವನ್ನು ಭರ್ರನೆ ತಿರುಗಿಸಿ ಎರಡು ಗಂಟೆಯಲ್ಲಿ ಕೆಲಸ ಮುಗಿಸಿದರು. ಛತ್ರದ ಮುಂದೆ ಕಾರು ಕನ್ನಡಿಯಂತೆ ನಿಂತಿತು, ಬೀಗರೂ ಮೆಚ್ಚಿದರು. ಮೂರು ಸಲ ತೊಳೆದದ್ದೇ ತಡ, ಹಳೆಯ ಗೆರೆಗಳೆಲ್ಲ ಮರಳಿ ಬಂದವು. ಜೊತೆಗೆ ಬಿಸಿಲಿನಲ್ಲಿ ಮೋಡದ ನೆರಳಿನಂತೆ ತೇಲಾಡುವ ಹೊಸ ಪಟ್ಟೆಗಳು ಬೇರೆ. ಹಿಂದಿನ ಬಾಗಿಲಿನ ಏಣಿನ ಮೇಲೆ ರೂಪಾಯಿ ನಾಣ್ಯದಷ್ಟು ಜಾಗ ಮಂಕಾಗಿತ್ತು. ಅಲ್ಲಿ ಕ್ಲಿಯರ್ ಕೋಟೇ ಉಳಿದಿರಲಿಲ್ಲ. ಬಾಗಿಲಿಗೆ ಪೂರ್ತಿ ಬಣ್ಣ ಹೊಡೆಸಬೇಕಾಯಿತು. ಆ ನೀಲಿಯೇ ಬೇರೆ, ಮಿಕ್ಕ ಕಾರಿನ ನೀಲಿಯೇ ಬೇರೆ. ಇಂದಿಗೂ ಸಂಜೆಯ ಬೆಳಕಿನಲ್ಲಿ ನೋಡಿದವರಿಗೆ ಗೊತ್ತಾಗುತ್ತದೆ.

ನನ್ನ ಹಳೆಯ ಶಿಷ್ಯನೊಬ್ಬ ಇದೇ ಕಸುಬು ಮಾಡುತ್ತಾನೆ. ತರಗತಿಯಲ್ಲಿ ಹಿಂದಿನ ಬೆಂಚಿನವನು. ಮೊದಲೇ ಅವನ ನೆನಪು ನನಗೆ ಬರಲಿಲ್ಲವೆಂಬುದು ನನ್ನ ತಪ್ಪು. ಮಿಕ್ಕ ಕಾರನ್ನು ಅವನು ಸರಿಮಾಡುತ್ತಿದ್ದಾಗ ನಾನು ಸ್ಟೂಲು ಹಾಕಿಕೊಂಡು ಕುಳಿತು ನೋಡಿದೆ. ಮೊದಲು ಗಟ್ಟಿ ಫೋಮಿನ ಪ್ಯಾಡು, ಒರಟು ಪಾಲಿಶ್. ಗೆರೆಗಳು ಹೋದವು; ಆದರೆ ಬಾನೆಟ್ಟಿನ ಮೇಲೆ ಉಸಿರು ಬಿಟ್ಟ ಕನ್ನಡಿಯಂಥ ಮಬ್ಬು ಉಳಿಯಿತು. ಆಮೇಲೆ ಕಜ್ಜಾಯದ ಹಿಟ್ಟಿನಂತೆ ಮೆತ್ತಗಿರುವ ಇನ್ನೊಂದು ಪ್ಯಾಡನ್ನು ತೆಗೆದ.

"ಏನಪ್ಪಾ, ಇಷ್ಟು ಮೆದುವಾದದ್ದರಿಂದ ಏನಾದೀತು?" ಎಂದೆ.

"ಮೇಷ್ಟ್ರೇ, ಕೊಯ್ಯುವ ಕೆಲಸ ಆಗಿಹೋಯಿತು. ಇದು ಕೊಯ್ದ ಗುರುತು ಅಳಿಸೋದಕ್ಕೆ" ಎಂದ.

ನನಗೆ ತಟ್ಟನೆ ನಮ್ಮ ಭಾಷೆಯ ಎರಡು ಮಾತು ನೆನಪಾದವು. ಒಂದು ಸಾಣೆ, ಇನ್ನೊಂದು ಒಪ್ಪ. ಸಾಣೆ ಹಿಡಿಯುವುದು ಬೇರೆ, ಒಪ್ಪವಿಡುವುದು ಬೇರೆ. ಒಪ್ಪವೆಂದರೆ ಕಾಂತಿ, ಮೆರುಗು. ಒಪ್ಪ ಓರಣ ಎಂಬ ಜೋಡಿಮಾತಿನಲ್ಲಿ ನಾವು ಅದನ್ನು ಈಗಲೂ ಆಡುತ್ತೇವೆ. ಚನ್ನಪಟ್ಟಣದ ಬೊಂಬೆ ಮಾಡುವವರನ್ನು ನೋಡಿದ್ದೀರಷ್ಟೆ. ಉಳಿ ಹಿಡಿದು ಮರವನ್ನು ಕಡೆಯುತ್ತಾರೆ; ಅರಗು ಹತ್ತಿಸಿದ ಮೇಲೆ ಮೆರುಗಿಗೆ ಉಳಿಯನ್ನು ಬಳಸುವುದಿಲ್ಲ. ಒಣಗಿದ ತಾಳೆಯ ಎಲೆಯನ್ನು ಒತ್ತಿ ಹಿಡಿದು ಮೆರುಗು ತರುತ್ತಾರೆ. ನನ್ನ ಶಿಷ್ಯನ ಮೆದು ಪ್ಯಾಡು ಅಂಥ ತಾಳೆಯ ಎಲೆಯೇ.

ಮೆದು ಫೋಮು ಈ ಕೆಲಸಕ್ಕೆ ಏಕೆ ಒಗ್ಗುತ್ತದೆ? ಪಾಲಿಶಿನಲ್ಲಿರುವ ಪುಡಿ ಬಹುಮಟ್ಟಿಗೆ ಅಲ್ಯೂಮಿನಿಯಂ ಆಕ್ಸೈಡ್, ಬಲು ಗಟ್ಟಿಯಾದದ್ದು. ಹಿಂದಿರುವ ಪ್ಯಾಡು ಗಟ್ಟಿಯಾಗಿದ್ದರೆ ಒಂದೊಂದು ಕಣವೂ ಮೊಳೆಯಂತೆ ಕೆಳಗೆ ಒತ್ತುತ್ತದೆ. ಪ್ಯಾಡು ಮೆದುವಾಗಿದ್ದರೆ ಕಣವೇ ಹಿಂದಕ್ಕೆ ಹುದುಗಿಕೊಂಡು, ಮೇಲ್ಮೈಯನ್ನು ತೆಳ್ಳಗೆ ಸವರಿಕೊಂಡು ಹೋಗುತ್ತದೆ. ಆಗಲೂ ಗೆರೆ ಬೀಳುತ್ತದೆ, ಬೀಳದೆ ಇರುವುದಿಲ್ಲ. ಆದರೆ ನಮ್ಮ ಕಣ್ಣು ಹಿಡಿಯಲಾರದಷ್ಟು ನವುರಾಗಿ ಬೀಳುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದವೇ ಅರ್ಧ ಮೈಕ್ರಾನಿನ ಆಸುಪಾಸು. ಗೆರೆಗಳು ಅದಕ್ಕಿಂತ ಎಷ್ಟೋ ಕಿರಿದಾದಾಗ ಬೆಳಕು ಚೆದರದೆ ನೇರವಾಗಿ ಮರಳುತ್ತದೆ. ಬೇವಿನ ಮರದ ಒಂದೊಂದು ಎಲೆಯೂ ಬಾನೆಟ್ಟಿನಲ್ಲಿ ಮೂಡುತ್ತದೆ. ಈ ಫೋಮು ಪಾಲಿಯುರೆಥೇನ್ ಎಂಬ ವಸ್ತುವಿನದು. 1937ರಲ್ಲಿ ಜರ್ಮನಿಯ ಆಟ್ಟೋ ಬೇಯರ್ ಎಂಬ ರಸಾಯನಶಾಸ್ತ್ರಜ್ಞನೂ ಅವನ ಸಂಗಡಿಗರೂ ಅದನ್ನು ಕಂಡುಹಿಡಿದರು. ನಮ್ಮ ಸೋಫಾದ ದಿಂಬಿನೊಳಗಿರುವುದೂ ಅದೇ ಕುಲದ್ದು. ಹಾಗೆಂದು ದಿಂಬು ಕತ್ತರಿಸಿ ಪಾಲಿಶ್ ಮಾಡಲು ಹೋಗಬೇಡಿ.

ಮನೆಯಲ್ಲೇ ಮಾಡುವ ಆಸೆಯುಳ್ಳವರು ಬರಿಯ ಗಿರಗಿರನೆ ಸುತ್ತುವ ರೋಟರಿ ಯಂತ್ರವನ್ನು ಬಿಟ್ಟು, ಸುತ್ತುತ್ತಲೇ ಅಲುಗಾಡುವ ಡ್ಯುಯಲ್ ಆಕ್ಷನ್ ಯಂತ್ರವನ್ನು ಹಿಡಿಯುವುದು ಲೇಸು. ಕಾರನ್ನು ತೊಳೆದು, ಒಣಗಿಸಿ, ನೆರಳಿನಲ್ಲಿ ನಿಲ್ಲಿಸಿ; ತಗಡು ಕೈಗೆ ತಣ್ಣಗಿರಬೇಕು. ಏಣುಗಳಿಗೂ ರಬ್ಬರಿನ ಅಂಚುಗಳಿಗೂ ಟೇಪು ಅಂಟಿಸಿ, ಏಕೆಂದರೆ ಅಂಚಿನಲ್ಲಿ ಪೊರೆ ಇನ್ನೂ ತೆಳು. ಪ್ಯಾಡಿನ ಮೇಲೆ ಬಟಾಣಿ ಗಾತ್ರದ ನಾಲ್ಕು ಹನಿ ಪಾಲಿಶ್ ಸಾಕು. ಒಮ್ಮೆಗೆ ಎರಡಡಿ ಚೌಕ, ಅದಕ್ಕಿಂತ ಹೆಚ್ಚು ಬೇಡ. ಒತ್ತಬೇಡಿ. ಯಂತ್ರದ ಭಾರವೇ ಒತ್ತಡವೆಂದು ತಿಳಿಯಿರಿ. ಒಂದು ಸಾಲಿನ ಅರ್ಧವನ್ನು ಇನ್ನೊಂದು ಸಾಲು ಮುಚ್ಚುವಂತೆ, ಗದ್ದೆ ಉಳುವವನ ನಿಧಾನದಿಂದ, ಮೊದಲು ಉದ್ದಕ್ಕೆ ಆಮೇಲೆ ಅಡ್ಡಕ್ಕೆ ನಡೆಸಿ.

ಮೆದು ಪ್ಯಾಡಿನಿಂದಲೇ ಎಲ್ಲ ಗೀರೂ ಹೋಗಲೆಂದು ಗಂಟೆಗಟ್ಟಲೆ ಉಜ್ಜುವವರೂ ಉಂಟು. ಹೋಗುವುದಿಲ್ಲ. ಆಳದ ಗೀರಿಗೆ ಸಾಣೆಯೇ ಬೇಕು. ಉಗುರು ಸಿಕ್ಕಿಕೊಳ್ಳುವಷ್ಟು ಆಳವಾಗಿದ್ದರೆ ಅದನ್ನು ಹಾಗೆಯೇ ಬಿಡುವುದು ವಿವೇಕ. ಬಾಗಿಲಿನ ಅಡಿಭಾಗದಂಥ ಮೂಲೆಯಲ್ಲಿ ಮೊದಲು ಚಿಕ್ಕ ಜಾಗವೊಂದನ್ನು ಪರೀಕ್ಷಿಸಿ ನೋಡಿ. ಒಂದು ಕಂಪನಿಯ ಕ್ಲಿಯರ್ ಕೋಟ್ ಗಟ್ಟಿ, ಇನ್ನೊಂದರದು ಮೆದು. ಪ್ಯಾಡಿನ ಬಣ್ಣವನ್ನು ನೆಚ್ಚಬೇಡಿ. ಒಬ್ಬ ತಯಾರಕನ ಕರಿಯ ಪ್ಯಾಡು ಮೆದುವಾದರೆ, ಇನ್ನೊಬ್ಬನದು ಹಾಗಿರಲೇಬೇಕೆಂಬ ಕಟ್ಟಳೆಯಿಲ್ಲ. ಬೆರಳಿನಿಂದ ಹಿಸುಕಿ ನೋಡುವುದೇ ಸರಿ.

ನನಗಾದ ಮೋಸಕ್ಕೆ ಕಾರಣ ತಿಳಿದದ್ದು ಕಡೆಯಲ್ಲಿ. ಪಾಲಿಶಿನಲ್ಲಿ ಎಣ್ಣೆಯ ಅಂಶವಿರುತ್ತದೆ. ಕೆಲವದರಲ್ಲಿ ಮೇಣವೂ ಇರುತ್ತದೆ. ಅವು ಗೀರಿನೊಳಗೆ ಕುಳಿತು ಅದನ್ನು ಮರೆಮಾಡುತ್ತವೆ. ಮೂರು ಸಲ ಸೋಪುನೀರು ಬಿದ್ದರೆ ಮರೆ ಕಳಚಿತು! ಶಿಷ್ಯ ಕೆಲಸ ಮುಗಿಸಿದ ಮೇಲೆ, ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೊಹಾಲನ್ನು ಮೈಕ್ರೋಫೈಬರ್ ಬಟ್ಟೆಗೆ ಹಾಕಿ ಬಾನೆಟ್ಟನ್ನು ಒರೆಸಿದ. ಕಾರನ್ನು ಬಿಸಿಲಿಗೆ ತಳ್ಳಿ, "ಈಗ ನೋಡಿ ಮೇಷ್ಟ್ರೇ, ಈಗ ಕಾಣೋದೇ ನಿಜ" ಎಂದ. ಹಣ ಕೊಡುವ ಮೊದಲು ನೀವೂ ಇದೊಂದನ್ನು ಕೇಳಿ ಮಾಡಿಸಿಕೊಳ್ಳಿ. ಹಿಂಜರಿಯುವವನಿದ್ದರೆ ಕಾರಣ ನಿಮಗೇ ಗೊತ್ತಾಗುತ್ತದೆ.

ಹಳೆಯ ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರಿಗೆ ಒಂದು ಮಾತು. ಅವುಗಳಲ್ಲಿ ಎಷ್ಟೋ ಕಾರುಗಳಿಗೆ ಕ್ಲಿಯರ್ ಕೋಟ್ ಇಲ್ಲ, ಬಣ್ಣವೇ ಮೇಲ್ಪದರ. ಪಾಲಿಶ್ ಮಾಡುವಾಗ ಪ್ಯಾಡಿಗೆ ಕಾರಿನ ಬಣ್ಣ ಹತ್ತಿದರೆ ಗಾಬರಿಯಾಗಬೇಡಿ, ಅದು ಸಹಜ. ಆದರೆ ಹೊಸ ಕಾರಿನಲ್ಲಿ ಹಾಗೆ ಹತ್ತಿದರೆ ಯಂತ್ರವನ್ನು ಆ ಕ್ಷಣವೇ ನಿಲ್ಲಿಸಿ.

ಇನ್ನು ಪ್ಯಾಡಿನ ಆರೈಕೆ. ಒಂದೊಂದು ಚೌಕ ಮುಗಿದಾಗಲೂ ಬ್ರಷ್ಷಿನಿಂದ ಉಜ್ಜಿ ಮೆತ್ತಿಕೊಂಡದ್ದನ್ನು ಕೊಡವಿ. ಒರಟು ಪಾಲಿಶಿಗೆ ಬಳಸಿದ ಪ್ಯಾಡನ್ನು ಕೊನೆಯ ಒಪ್ಪಕ್ಕೆ ಎಂದೂ ಬಳಸಬೇಡಿ. ಕೆಲಸವಾದ ಮೇಲೆ ಸೌಮ್ಯವಾದ ಸೋಪಿನಲ್ಲಿ ತೊಳೆದು, ಹಿಂಡದೆ ಒತ್ತಿ ನೀರು ತೆಗೆದು, ನೆರಳಿನಲ್ಲಿ ಒಣಗಿಸಿ ಡಬ್ಬಿಯಲ್ಲಿ ಮುಚ್ಚಿಡಿ. ಕೈಜಾರಿ ನೆಲಕ್ಕೆ ಬಿದ್ದ ಪ್ಯಾಡನ್ನು ಕೊಡವಿಕೊಂಡು ಮತ್ತೆ ಯಂತ್ರಕ್ಕೆ ಹಾಕಬಾರದು. ನಾನು ನೋಡುತ್ತಿದ್ದ ದಿನ ಶಿಷ್ಯನ ಕೈಯಿಂದ ಹೊಚ್ಚಹೊಸ ಪ್ಯಾಡೊಂದು ಹೀಗೆ ಬಿತ್ತು. ಅವನು ಅದನ್ನು ಒಮ್ಮೆ ನೋಡಿ, ಚಕ್ರಗಳನ್ನು ಒರೆಸುವ ಬಟ್ಟೆಗಳ ಬುಟ್ಟಿಗೆ ಎಸೆದು, ಪೊಟ್ಟಣ ಒಡೆದು ಇನ್ನೊಂದನ್ನು ತೆಗೆದ.